ತಕ್ಕಡಿ ಗುರುತು

ಕರಿಹಳ್ಳ ಲೋಕಸಭಾ ಕ್ಷೇತ್ರದಲ್ಲಿ ಮನುಷ್ಯ ಸತ್ತರೂ ಅವನ ಮತ ಸಾಯುವುದಿಲ್ಲ; ಕೊನೆಯ ಸಲ ಯಾರಿಗೆ ಹಾಕಿದ್ದನೋ ಪ್ರತಿ ಚುನಾವಣೆಯಲ್ಲೂ ಅವರಿಗೇ ಬೀಳುತ್ತದೆ. ಕಸ್ತೂರವ್ವನ ಗಂಡ ಮಣ್ಣು ಸೇರಿ ಎಷ್ಟೋ ವರ್ಷವಾದರೂ ತಕ್ಕಡಿ ಗುರುತಿನ ಅಡಿವೆಪ್ಪಗೌಡರಿಗೇ ಮತ ಹಾಕುತ್ತಿದ್ದ. ಗೌಡರೂ ತೀರಿಹೋಗಿದ್ದರು, ಆದರೆ ಸೋತಿರಲಿಲ್ಲ. ದಿಲ್ಲಿಯಲ್ಲಿ ಅವರ ಕುರ್ಚಿಯ ಮೇಲೆ ಹಾರ ಹಾಕಿದ ಫೋಟೊ ಕೂತಿತ್ತು.

ಫೋಟೊ ಈ ಸಲವೂ ಗೆದ್ದರೆ ಕ್ಷೇತ್ರವೇ ರದ್ದು ಎಂದು ಸರ್ಕಾರ ಡಂಗುರ ಸಾರಿಸಿತ್ತು. ಪಕ್ಕದ ಕ್ಷೇತ್ರ ಹಾಗೆ ರದ್ದಾದ ಮರುದಿನವೇ ಅಲ್ಲಿನ ನಲ್ಲಿಗಳು ಒಣಗಿದ್ದನ್ನು ಊರೆಲ್ಲ ಕಂಡಿತ್ತು.

ಇಂದೋ ನಾಳೆಯೋ ಎನ್ನುವಂತಿದ್ದ ಅತ್ತೆ ಬಾಳವ್ವನನ್ನು ಕಸ್ತೂರವ್ವ ಬೆನ್ನ ಮೇಲೆ ಹೊತ್ತು ಮತಗಟ್ಟೆಗೆ ತಂದಳು. ದಾರಿಯುದ್ದಕ್ಕೂ ಹೇಳಿಕೊಟ್ಟಳು.

"ಅತ್ತಿ, ಇದು ನಿಮ್ಮ ಕಡೀ ಓಟು. ಇದೇ ಉಳೀತದ. ಜೀವಂತ ಇದ್ದಾಂವಗ ಹಾಕ್ರಿ. ಕೊಡದ ಗುರ್ತು."

ಮುದುಕಿ ಹೂಂಗುಟ್ಟಿದ್ದಳು.

ಯಂತ್ರದ ಮುಂದೆ ನಿಂತಾಗ ಅವಳ ಬೆರಳು ತಕ್ಕಡಿಯನ್ನೇ ಹುಡುಕಿತು. ಕಸ್ತೂರವ್ವ ಆ ಕೈ ಹಿಡಿದಳು.

"ಬಿಡವಾ," ಎಂದಳು ಬಾಳವ್ವ. "ನಿನ್ನ ಗಂಡನ ತೊಟ್ಟಲಾ ತೂಗಿದ ಗೌಡ ಅಂವ. ಆ ಋಣ ಇಟಗೊಂಡು ಹೆಂಗ ಸಾಯ್ಲಿ?"

ಸೊಸೆಯ ಹಿಡಿತ ಸಡಿಲವಾಯಿತು. ಯಂತ್ರ ಕೂಗಿತು.

ಹೊರಗೆ ಸಾಲಿನಲ್ಲಿ ಊರಿನ ಸೊಸೆಯಂದಿರು ತಮ್ಮ ತಮ್ಮ ಮುದುಕರನ್ನು ಹೊತ್ತು ನಿಂತಿದ್ದರು. ಬೆನ್ನ ಮೇಲಿಂದಲೇ ಆ ಮುದುಕರು ಎದುರಿನ ಚಾವಡಿಯಲ್ಲಿದ್ದ ಗೌಡರ ಫೋಟೊಕ್ಕೆ ಕೈಮುಗಿಯುತ್ತಿದ್ದರು.

ಕಸ್ತೂರವ್ವ ಫಲಿತಾಂಶಕ್ಕೆ ಕಾಯಲಿಲ್ಲ. ಅತ್ತೆಯನ್ನು ಮಲಗಿಸಿದವಳೇ ಕೊಡ, ಬಿಂದಿಗೆ, ಚರಿಗೆ, ಕಡೆಗೆ ಸತ್ತ ಗಂಡನ ಊಟದ ತಾಟನ್ನೂ ನಲ್ಲಿಯ ಕೆಳಗಿಟ್ಟು ತುಂಬತೊಡಗಿದಳು.