ಪಿಂಡದಾನ

ಪುಟ್ಟರಂಗಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಡಾಕ್ಟರು ಹೇಳಿ ತಿಂಗಳಾಗಿತ್ತಷ್ಟೆ. ಆಸ್ಪತ್ರೆಯ ಬೆಂಚಿನ ಮೇಲೆ ಸೊಸೆ ಸಹಿ ಹಾಕುತ್ತಿದ್ದ ಕಾಗದದಲ್ಲಿ ‘ಪಿಂಡದಾನದ ಒಪ್ಪಿಗೆ ಪತ್ರ’ ಎಂಬ ದಪ್ಪಕ್ಷರ, ಅದರ ಕೆಳಗೆ ‘ಸ್ಟೆಮ್ ಸೆಲ್’ ಎಂದು ಏನೋ, ಪಕ್ಕದಲ್ಲೇ ತನ್ನ ಕಾಯಿಲೆಯ ಹೆಸರು. ಅದನ್ನೋದಿದ ಅವನಿಗೆ ಮೈಯೆಲ್ಲ ಉರಿದುಹೋಯಿತು.

“ಉಸಿರು ಇನ್ನೂ ನಿಂತಿಲ್ಲ, ಆಗ್ಲೇ ನಂಗೆ ಪಿಂಡ ಇಡ್ತೀಯೇನೇ?”

“ಮೆತ್ತಗೆ ಮಾವ. ಜನ ನೋಡ್ತಾವ್ರೆ.”

“ನೋಡ್ಲಿ! ಮದ್ವೆಯಾಗಿ ಹನ್ನೆರಡು ವರ್ಷ ಆಯ್ತು, ಒಂದು ಕೂಸು ಹೆರಲಿಲ್ಲ. ನನ್ನ ತಿಥಿಗೆ ಮಾತ್ರ ಎಲ್ಲಿಲ್ಲದ ಆತುರ!” ಎಂದವನು ಅವಳ ಪಕ್ಕ ಕೂತಿದ್ದ ಮಗನ ಮೇಲೂ ಎಗರಿದ. “ನೀನೂ ಸೈನ್ ಹಾಕಿದ್ಯೇನೋ?”

ಮಗ ತಲೆ ಎತ್ತಲಿಲ್ಲ. “ಹಾಕಿದೀನಪ್ಪ.”

ಮುದುಕ ಕಾಗದ ಕಿತ್ತುಕೊಂಡು ಹರಿಯಲು ಹೋದ. ಸೊಸೆ ಅವನ ಮಣಿಕಟ್ಟು ಹಿಡಿದಳು. ಮೊದಲ ಸಲ ಅವಳ ದನಿಯೂ ಏರಿತು.

“ಇದು ತಿಥಿ ಪಿಂಡ ಅಲ್ಲ. ಮಕ್ಕಳಾಗ್ಲಿ ಅಂತ ಇಲ್ಲೇ ಲ್ಯಾಬಲ್ಲಿ ಐದು ಪಿಂಡ, ಅಂದ್ರೆ ಭ್ರೂಣ, ಮಾಡಿಸಿದ್ವಿ, ಮೂರು ನನ್ನ ಹೊಟ್ಟೇಲಿ ನಿಲ್ಲಲಿಲ್ಲ. ಇನ್ನು ಬಸಿರಾದ್ರೆ ಜೀವಕ್ಕೇ ಅಪಾಯ ಅಂದ್ರು. ಉಳಿದಿರೋ ಎರಡನ್ನ, ನಿಮ್ಮ ಮೊಮ್ಮಕ್ಕಳನ್ನ, ನಿಮ್ಮ ಕಾಯಿಲೆಗೆ ಮದ್ದು ಹುಡುಕೋರಿಗೆ ಕೊಡ್ತಿದೀವಿ.”