ಎರಡು ನಗರ, ಎರಡು ಅಂಗಿ

ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ಹೇಳಿದವರ ನಾಲಿಗೆ ಬಿದ್ದುಹೋಗಲಿ: ಲಿಫ್ಟ್ ಮೆಕ್ಯಾನಿಕ್ ಮಂಚದ ಮೇಲೆ ಹರವಿದ ಎರಡು ಹೊಸ ಯೂನಿಫಾರ್ಮ್ ಅಂಗಿಗಳೂ ಆಗಲೇ ತೊಟ್ಟು ಸವೆದಿದ್ದವು. ಎರಡು ನಗರಗಳಿಂದ ಅವನಿಗೆ ಕೆಲಸಕ್ಕೆ ಕರೆ ಬಂದಿತ್ತು. ಸಂಜೆಯೊಳಗೆ ಒಂದಕ್ಕೆ ಹೂಂ ಅನ್ನಬೇಕಿತ್ತು. ಅಳತೆ ನೋಡಿಕೊಳ್ಳಲೆಂದು ಎರಡೂ ಕಂಪನಿಗಳು ಅಂಗಿ ಕಳಿಸಿದ್ದವು. ಪ್ಯಾಕೆಟ್ಟಿನ ಸೀಲು ಒಡೆದವನು ಅವನೇ. ಆದರೂ ಕಾಲರಿನಲ್ಲಿ ಅವನದೇ ಬೆವರಿನ ವಾಸನೆ ಇತ್ತು.

“ಯಾರದೋ ಹಳೇದು ಕಳಿಸಿದಾರೆ, ಬಿಡ್ರೀ,” ಎನ್ನುತ್ತ ಹೆಂಡತಿ ಕಡಲತೀರದ ನಗರದ ಅಂಗಿ ಎತ್ತಿಕೊಂಡಳು. ಅದರ ಎರಡನೇ ಗುಂಡಿಯನ್ನು ಕಿತ್ತುಹೋದ ಮೇಲೆ ಮತ್ತೆ ಹಚ್ಚಿದ್ದರು. “ಅರೆ! ಇದು ನಾನು ಹಾಕೋ ಗಂಟು!”

ಬೆಟ್ಟದ ನಗರದ ಅಂಗಿಯಲ್ಲೂ ಅದೇ ಗುಂಡಿ ಕಿತ್ತುಹೋಗಿತ್ತು. ಅಲ್ಲಿ ಅದನ್ನು ಕೆಂಪು ವೈರಿನ ಎಳೆಯಿಂದ ತಿರುಚಿ ಕಟ್ಟಲಾಗಿತ್ತು. ಗುಂಡಿಗೆ ವೈರು ಸುತ್ತುವ ಗಂಡಸು ಲೋಕದಲ್ಲಿ ಒಬ್ಬನೇ. ಮದುವೆಗೆ ಮುಂಚೆ ಅವನು ಮಾಡುತ್ತಿದ್ದುದೇ ಹಾಗೆ. ಆಮೇಲೆ, ತಾನು ಜ್ವರದಲ್ಲಿ ಮಲಗಿದ್ದಾಗಲೂ ಅವಳು ಅವನ ಗುಂಡಿಯನ್ನು ಅವನ ಕೈಗೆ ಬಿಟ್ಟವಳಲ್ಲ. ಅವಳಿರುವ ಮನೆಯಲ್ಲಿ ಹಾಗಾಗಲು ಸಾಧ್ಯವೇ ಇರಲಿಲ್ಲ. ಅವನು ಆ ವೈರನ್ನು ಬಿಚ್ಚಲು ನೋಡಿದ.

ಹೆಂಡತಿಗೆ ಮಾತ್ರ ನಗು ಉಕ್ಕಿತು. “ಅಂದ್ರೆ ಈ ಊರಿಗೆ ಹೋದ್ರೆ ನಿಮ್ಮ ಗುಂಡಿ ನೀವೇ ಹಚ್ಕೋತೀರಾ? ಮಹಾರಾಯರೇ, ಇನ್ನೇನು ಯೋಚನೆ! ಬೆಟ್ಟದೂರಿಗೇ ಹೋಗೋಣ.”

“ಅದಲ್ಲ ಕಣೇ, ಅಲ್ಲಿ ನೀನು…”

ಅವನ ಫೋನು ಎತ್ತಿಕೊಂಡು, ಒಪ್ಪಿಗೆಯ ಮೆಸೇಜು ಒತ್ತುತ್ತಲೇ ಅವಳು ಆಚೆ ಹೋಗಿಯಾಗಿತ್ತು.