ಮೊಳಕೆಗೊಂದು ಹಗಲು ಬಿಸಿಲು

ಆ ಊರಿನಲ್ಲಿ ಮೇಲ್‌ರೈಲಿನ ಕಂಬಗಳನ್ನು ಕಟ್ಟುತ್ತಿರಲಿಲ್ಲ, ಬಿತ್ತುತ್ತಿದ್ದರು. ಮೊಳಕೆಗೆ ಒಂದಿಡೀ ಹಗಲು ಬಿಸಿಲು ಬಿದ್ದರೆ ಸಾಕು, ಮಹಡಿಯೆತ್ತರದ ಕಂಬವಾಗಿ ಬೇರೂರಿಬಿಡುತ್ತಿತ್ತು. ಕಂಬ ಬಂದರೆ ಕಾರಿಗೆ ಜಾಗವೆಲ್ಲಿ? ಅದಕ್ಕೇ ಬಡಗಿಪಾಳ್ಯದ ಗಂಡಸರು ಬೀದಿಯಂಚಿನ ಮೊಳಕೆಗಳ ಮೇಲೆ ಕಾರು ನಿಲ್ಲಿಸಿ ನೆರಳು ಮಾಡಿದ್ದರು. ರೈಲು ಪಕ್ಕದ ಬಡಾವಣೆಯಿಂದಲೇ ಹಿಂದಿರುಗುತ್ತಿತ್ತು. ಮಂಡಿನೋವಿನ ಜಲಜಾಕ್ಷಿ ಅಲ್ಲಿಯವರೆಗೂ ಕುಂಟುತ್ತ ಹೋಗಿ, ರೈಲು ಹತ್ತಿ ಕೆಲಸಕ್ಕೆ ಹೋಗುತ್ತಿದ್ದಳು. ಕಾರಿನಲ್ಲಿ ಬಿಟ್ಟುಬರಲು ಗಂಡ ಸಿದ್ದರಾಜು ಒಪ್ಪುತ್ತಿರಲಿಲ್ಲ. ತೆಗೆದರೆ ಜಾಗ ಹೋದೀತು!

ಅವನ ಕಾರು ಕದಲುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯ ಬೆಳಿಗ್ಗೆ, ಚಕ್ರದಡಿ ಇಟ್ಟ ನಿಂಬೆಹಣ್ಣು ಹಿಚುಕಲು ಒಂದು ಕಾರಿನುದ್ದದಷ್ಟು ದೂರ.

ಈ ಸಲ ನಿಂಬೆಹಣ್ಣು ಚಪ್ಪಟೆಯಾದದ್ದೇ ತಡ, ಜಲಜಾಕ್ಷಿ ಸೆರಗು ಸಿಕ್ಕಿಸಿಕೊಂಡು ಕಾರು ಬಿಟ್ಟ ಜಾಗದಲ್ಲಿ ನೆಲಕ್ಕೆ ಕೂತಳು. ಗೇಣುದ್ದದ ಮೊಳಕೆಯ ಸುತ್ತ ರಂಗೋಲಿ ಎಳೆದು, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವು ಸುತ್ತಿ, ಮಂಗಳಾರತಿಯನ್ನೂ ಎತ್ತಿಬಿಟ್ಟಳು.

"ಏಳೇ, ಕಾರು ಹಿಂದಕ್ಕೆ ತಗೋಬೇಕು," ಎಂದ ಸಿದ್ದರಾಜು.

"ಆಗಲ್ಲ ರೀ. ಪೂಜೆ ಮಾಡಿದ ಆಯುಧಾನ ನಾಳೆವರೆಗೂ ಮುಟ್ಟಬಾರದು ಅಂತ ನನ್ನ ಹೊಲಿಗೆ ಮಿಷನ್ನು, ಈಳಿಗೆಮಣೆ ಎಲ್ಲಾ ಎತ್ತಿಟ್ಟೋರು ಯಾರು? ನೀವೇ ತಾನೇ?"

"ಇದೇನು ಆಯುಧಾನಾ?"

"ನನ್ನ ಕಾಲಿಗೆ ಇದೇ ಆಯುಧ."

ಸಿದ್ದರಾಜು ಕೀ ಹಿಡಿದು ನಿಂತೇ ಇದ್ದ. ಕುಂಕುಮವನ್ನು ಕಾರಿನಿಂದ ತುಳಿಯುವ ಧೈರ್ಯ ಅವನಿಗಾಗಲಿಲ್ಲ. ಅಷ್ಟರಲ್ಲಿ ಮೊಳಕೆ ಅವನ ಸೊಂಟ ಮುಟ್ಟಿತ್ತು.

ಎದುರುಮನೆಯಲ್ಲಿ ನಿಂಬೆಹಣ್ಣು ಹಿಚುಕಿ ಕಾರು ಆಗತಾನೇ ಮುಂದೆ ಹೋಗಿತ್ತು. ಅದರ ಹಿಂದಿನಿಂದ ಕೆಂಪಮ್ಮ ಕೂಗಿದಳು: "ಜಲಜಕ್ಕಾ, ಅರಿಸಿನ ಮಿಕ್ಕಿದೆಯಾ?"